ತೋಟದ ಮನೆಯಲ್ಲಿ ಸಿಗ್ನಲ್ ಇಲ್ಲ, ಓಟಿಪಿಗೆ ಏನು ದಾರಿ?

ಪ್ರಶ್ನೆ: ನಾಪೋಕ್ಲು ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರೂ ಮಲಗುತ್ತೆ. ಫೈಬರ್ ನೆಟ್, ಇನ್ವರ್ಟರ್ ಇದೆ. ಆದ್ರೆ ಜಿಮೇಲ್ ಓಟಿಪಿ ಬರಲ್ಲ. ಏನ್ಮಾಡೋದು?

ಉತ್ತರ 1: ಎಸ್ಸೆಮ್ಮೆಸ್ ನಂಬ್ಕೋಬೇಡಿ. ಸಿಗ್ನಲ್ ಇದ್ದಾಗಲೇ ಗೂಗಲ್ ಖಾತೆಯ ಭದ್ರತೆ ವಿಭಾಗಕ್ಕೆ ಹೋಗಿ ಅಥೆಂಟಿಕೇಟರ್ ಆ್ಯಪ್ ಸೇರಿಸಿ, ಕ್ಯೂಆರ್ ಸ್ಕ್ಯಾನ್ ಮಾಡಿ. ಓಟಿಪಿ ಬದಲು ಹಾಕೋ, 30 ಸೆಕೆಂಡಿಗೊಮ್ಮೆ ಬದಲಾಗೋ 6 ಅಂಕಿ ಕೋಡ್ ಫೋನಲ್ಲೇ ತಯಾರಾಗುತ್ತೆ, ಅದಕ್ಕೆ ನೆಟ್ಟೂ ಬೇಡ. ಕೋಡ್ ತಪ್ಪು ಅಂದ್ರೆ ಫೋನಿನ ಗಡಿಯಾರ ನೋಡಿ. ಟೈಮ್ ಹಿಂದೆಮುಂದೆ ಆಗಿದ್ರೆ ಹೊಂದಲ್ಲ.

ಉತ್ತರ 2: ಗೂಗಲ್ ಖಾತೆಯಲ್ಲೇ ಸಿಗೋ 10 ಬ್ಯಾಕಪ್ ಕೋಡೂ (ಫೋನ್ ಇಲ್ಲದಾಗ ಓಟಿಪಿ ಬದಲು ಹಾಕೋದು) ಬರೆದು ಬೀರುವಿನಲ್ಲಿಡಿ. ಫೋನ್ ತೋಡಿಗೆ ಬಿದ್ರೆ ಅದೇ ಗತಿ! ಒಂದು ಕೋಡ್ ಒಂದೇ ಸಲ.

ಉತ್ತರ 3: ಬ್ಯಾಂಕಿಗೆ ಈ ಆ್ಯಪ್ ಸಾಮಾನ್ಯವಾಗಿ ನಡೆಯಲ್ಲ. ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಕರೆ) ಆನ್ ಮಾಡಿ ನೋಡಿ; ಫೋನೂ ಸಿಮ್ಮೂ ಹೊಂದಿದ್ರೆ ಮೆಸೇಜೂ ಬರಬಹುದು.