ಸ್ಲೈಡಿನಲ್ಲಿ ‘ಬಂಗಾರ’, ಗುಂಪಿನಲ್ಲಿ ಜಗಳ

ಭಾಷಾವಿಜ್ಞಾನ ಎಂ.ಎ. ಹಳೇ ಬ್ಯಾಚ್

ಶೈಲಜಾ: [ಚಿತ್ರ] ಹಿರಿಯರ ಆರೈಕೆ ತರಬೇತಿಯ ಸ್ಲೈಡ್ ಅಂತೆ. “ಹೆಸರು ಹಿಡಿದು ಕರೆಯಬೇಡಿ. ಚಿನ್ನ, ಪುಟ್ಟ, ಬಂಗಾರ ಅನ್ನಿ.” ಏನಂತೀರಿ?

ಮಂಜುನಾಥ: ಚೆನ್ನಾಗೇ ಇದೆಯಲ್ಲ. ಪ್ರೀತಿಯ ಮಾತಿಗೂ ತಕರಾರಾ?

ಶೈಲಜಾ: ಪದ ಬಿಡು, ಕ್ರಿಯಾಪದದ ಬಾಲ ನೋಡು. “ಬನ್ನಿ ಅಮ್ಮಾ” ಗೌರವ. “ಬಾಮ್ಮಾ” ಮಗಳಿಗಾದ್ರೆ ಮುದ್ದು, 70 ದಾಟಿದ ಅಪರಿಚಿತರಿಗಾದ್ರೆ ಸಸಾರ. ಎರಡರಲ್ಲೂ ಇರೋದು ಅದೇ ‘ಅಮ್ಮ’. ಪುಟ್ಟ, ಚಿನ್ನ ಬಂದ್ರೆ ಏಕವಚನ ಹಿಂದೇನೇ ಬರುತ್ತೆ. “ಪುಟ್ಟಾ, ಮಾತ್ರೆ ತಗೊಳ್ಳಿ” ಅಂತ ಯಾರಂತಾರೆ?

ರಫೀಕ್: ಮೂರು ವರ್ಷದ ಮಗುವಿಗೆ ಅಂತಾರೆ 😄 ಅದು ಆಟದ ಬಹುವಚನ. ಹಿರಿಯರಿಗೆ ಅಂದ್ರೆ ಇನ್ನೂ ಕೆಟ್ಟದು.

ರಫೀಕ್: ಬ್ರೌನ್, ಗಿಲ್ಮನ್ ಅನ್ನೋ ಸಂಶೋಧಕರು 1960ರಲ್ಲಿ ಯುರೋಪಿನ ನೀನು–ನೀವು ಬಗ್ಗೆ ಹೇಳಿದ್ದನ್ನ ಇಲ್ಲಿಗೂ ಹಚ್ಚಬಹುದು. ಇಬ್ಬರೂ ‘ನೀನು’ ಅಂದ್ಕೊಂಡ್ರೆ ಸಲಿಗೆ, ಒಬ್ಬರೇ ಅಂದ್ರೆ ಅಧಿಕಾರ. ಆ ಅಜ್ಜಿ ತಿರುಗಿಸಿ ನರ್ಸ್‌ಗೆ “ಬಂಗಾರಾ” ಅನ್ನಬಹುದಾ?

ಮಂಜುನಾಥ: ಧಾರಾಳವಾಗಿ ಅಂತಾರೆ ಕಣೋ. ವಯಸ್ಸಾದವರ ಹಕ್ಕು ಅದು.

ರಫೀಕ್: ಸರಿ, ಅಜ್ಜಿ ಬೇಡ. 50ರ ಗಂಡಸು ರೋಗಿ ಅಂದ್ರೆ?

ಮಂಜುನಾಥ: …ದೂರು ಹೋಗುತ್ತೆ.

ಶೈಲಜಾ: ಇನ್ನೊಂದು. ಕ್ರಿಸ್ಟೀನ್ ವಿಲಿಯಮ್ಸ್ ತಂಡದ 2009ರ ಅಧ್ಯಯನ: ಮರೆಗುಳಿತನ ಇರೋ 20 ಮಂದಿ. ಮಗುವಿಗೆ ಆಡೋ ಧಾಟಿಯಲ್ಲಿ ಮಾತಾಡಿಸಿದಾಗ ಅವರು ಆರೈಕೆಗೆ ಪ್ರತಿರೋಧ ತೋರೋ ಸಂಭವ 0.55, ಸಹಜ ಮಾತಿಗೆ 0.26.

ಮಂಜುನಾಥ: ಆ ಧಾಟಿ ಅಂದ್ರೆ ಬರೀ ಮುದ್ದಿನ ಪದ ಅಲ್ವಲ್ಲ. ಏರಿಸಿದ ದನಿ, ಎಳೆದ ಮಾತು, “ನಾವೀಗ ಸ್ನಾನ ಮಾಡೋಣ್ವಾ” ಅನ್ನೋ ಸುಳ್ಳು ‘ನಾವು’, ಎಲ್ಲ ಸೇರಿದೆ. ಒಂದು ಪದದ ತಲೆಗೇ ಕಟ್ಟೋಕಾಗಲ್ಲ.

ಶೈಲಜಾ: ಒಪ್ಪಿದೆ. ಆದ್ರೆ ‘ಪುಟ್ಟಾ’ ಅಂದ ತಕ್ಷಣ ಆ ಎಲ್ಲಾ ಪರಿವಾರ ಜೊತೆಗೇ ಬರುತ್ತೆ. ಆ ಪದವನ್ನ ಸಪಾಟು ದನಿಯಲ್ಲಿ ಹೇಳಿ ನೋಡು.

ಮಂಜುನಾಥ: ನೋಡಮ್ಮಾ ಶೈಲೂ, ಒಂದು ಸ್ಲೈಡಿಗೆ ಇಷ್ಟು ತಲೆ ಕೆಡಿಸ್ಕೋಬೇಡ ಪುಟ್ಟಾ.

ರಫೀಕ್: 😂😂

ಶೈಲಜಾ: ಇಷ್ಟು ಹೊತ್ತು ಇಲ್ಲದ ಪುಟ್ಟ ವಾದ ಸೋಲೋ ಹೊತ್ತಿಗೆ ಬಂತು! “ನೋಡಮ್ಮಾ”, “ನೋಡಪ್ಪಾ” ಅಂತ ಶುರುವಾದ ವಾಕ್ಯ “ನೀನು ಹೇಳಿದ್ದು ಸರಿ” ಅಂತ ಮುಗಿದದ್ದನ್ನ ಯಾರಾದ್ರೂ ಕೇಳಿದ್ದೀರಾ?

ಮಂಜುನಾಥ: _ಈ ಸಂದೇಶವನ್ನು ಅಳಿಸಲಾಗಿದೆ_

ರಫೀಕ್: ಸ್ಕ್ರೀನ್‌ಶಾಟ್ ಇದೆ ಮಾರಾಯ.

ಮಂಜುನಾಥ: ಆಯ್ತು, ಸ್ಲೈಡಲ್ಲಿ ಏನು ಬರೀಬೇಕು ಅದನ್ನ ಹೇಳಿ.

ಶೈಲಜಾ: ಮೊದಲ ದಿನವೇ “ನಿಮ್ಮನ್ನ ಹೇಗೆ ಕರೀಲಿ?” ಅಂತ ಕೇಳೋದು. ಉತ್ತರವನ್ನ ಕೇಸ್ ಶೀಟಿನಲ್ಲಿ ಹೆಸರಿನ ಪಕ್ಕ ಬರೆಯೋದು, ಇಲ್ಲಾಂದ್ರೆ ರಾತ್ರಿ ಪಾಳಿಯವರು ಮತ್ತೆ ‘ಚಿನ್ನಾ’ ಅಂತಾರೆ. ಅಲ್ಲೀವರೆಗೆ ಹೆಸರಿನ ಜೊತೆ ‘ಅವರೇ’, ಕ್ರಿಯಾಪದ ಬಹುವಚನ. ‘ಅಜ್ಜಿ’ ಅನ್ನು ಅಂತ ಅವರೇ ಹೇಳಿದ್ರೆ ಅಜ್ಜಿ, ಆದ್ರೂ “ಬನ್ನಿ”.

ರಫೀಕ್: “ಬಾರೇ ಅಂದ್ರೇ ನಂಗಿಷ್ಟ” ಅಂದ್ರೆ?

ಶೈಲಜಾ: ಅದನ್ನೂ ಶೀಟಿನಲ್ಲೇ ಬರಿ.