ಹಳೇ ಫ್ರಿಜ್, ಹಳೇ ಫ್ಯಾನ್: ಇಟ್ಟುಕೊಳ್ಳೋದಾ, ಬದಲಾಯಿಸೋದಾ?

ಪ್ರಶ್ನೆ

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಮನೆಯಲ್ಲಿರುವುದು 1996ರಲ್ಲಿ ತಗೊಂಡ 165 ಲೀಟರಿನ ಒಂದೇ ಬಾಗಿಲಿನ ಫ್ರಿಜ್, ಮೂರು ಹಳೇ ಸೀಲಿಂಗ್ ಫ್ಯಾನ್, ಒಂದು ಗ್ರೈಂಡರ್, ಒಂದು ಮಿಕ್ಸಿ. ಫ್ರಿಜ್ಜಿಗೆ ಒಮ್ಮೆ ರಿಲೇ, ಒಮ್ಮೆ ಥರ್ಮೋಸ್ಟಾಟ್ ಹಾಕಿಸಿದ್ದು ಬಿಟ್ಟರೆ ಬೇರೆ ಖರ್ಚೇ ಇಲ್ಲ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿತ್ತು, ಈ ಬೇಸಿಗೆಯಲ್ಲಿ ಮಿತಿ ದಾಟಿ ದುಡ್ಡು ಕಟ್ಟಬೇಕಾಯ್ತು. ಎಲ್ಲಾ ತೆಗೆದು ಹೊಸದು ಹಾಕೋಣ ಅಂತ ಅಣ್ಣ. ಈಗಿನವು ಐದು ವರ್ಷವೂ ಬಾಳಲ್ಲ, ಗಟ್ಟಿ ಸಾಮಾನು ಯಾಕೆ ಗುಜರಿಗೆ ಹಾಕ್ತೀರ ಅಂತ ಅಪ್ಪ. ಮಳೆಗಾಲದಲ್ಲಿ ನಮ್ಮ ಕಡೆ ಸಿಡಿಲು ಜಾಸ್ತಿ, ವೋಲ್ಟೇಜ್ ಅಂತೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲ್ಲ. ಏನು ಮಾಡಬಹುದು?

ಉತ್ತರ 1

ಎಲ್ಲಾ ಒಟ್ಟಿಗೆ ತೆಗೆಯೋದೂ ಬೇಡ, ಎಲ್ಲಾ ಇಟ್ಟುಕೊಳ್ಳೋದೂ ಬೇಡ. ದಿನಕ್ಕೆ ಎಷ್ಟು ಹೊತ್ತು ಓಡುತ್ತೆ ಅಂತ ನೋಡಿ. ಮಿಕ್ಸಿ 500 ವ್ಯಾಟ್ ಇದ್ದರೂ ಓಡುವುದು ಹತ್ತು ನಿಮಿಷ, ತಿಂಗಳಿಗೆ ಎರಡೂವರೆ ಯೂನಿಟ್ ಅಷ್ಟೇ. ಅದನ್ನು ಮುಟ್ಟಬೇಡಿ. ಗ್ರೈಂಡರೂ ಹಾಗೇ. ಮಿಕ್ಸಿಯ ಕಾರ್ಬನ್ ಬ್ರಷ್ ಹೋದರೆ ಹಾಕಿಸಬಹುದು, ಮೋಟಾರ್ ಸುಟ್ಟರೆ ವೈಂಡಿಂಗ್ ಮಾಡಿಸಬಹುದು.

ಮೊದಲು ಫ್ಯಾನ್ ಬದಲಾಯಿಸಿ. ಹಳೇ ಫ್ಯಾನ್ ಫುಲ್ ಸ್ಪೀಡಿನಲ್ಲಿ 75 ವ್ಯಾಟ್ ಆಸುಪಾಸು ತಿನ್ನುತ್ತೆ, ಬಿಎಲ್‌ಡಿಸಿ ಫ್ಯಾನ್ (ಬ್ರಷ್ ಇಲ್ಲದ, ಕಡಿಮೆ ಕರೆಂಟಿನ ಮೋಟಾರ್ ಇರುವ ಹೊಸ ಬಗೆ) 30 ವ್ಯಾಟ್ ಆಸುಪಾಸು. ದಿನಕ್ಕೆ 12 ಗಂಟೆ ಓಡಿದರೆ ಒಂದೊಂದು ಫ್ಯಾನಿನಿಂದ ತಿಂಗಳಿಗೆ 16 ಯೂನಿಟ್ ಉಳಿಯುತ್ತೆ. ಗೃಹಜ್ಯೋತಿ ಮಿತಿ ಅಂದರೆ 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10, ಅಲ್ವಾ? 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಬೇಸಿಗೆಯಲ್ಲಿ ಆ 16 ಯೂನಿಟ್ಟೂ ಲೆಕ್ಕಕ್ಕೆ ಬರುತ್ತೆ. ಹಾಕಿಸುವಾಗ ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿ, ಸ್ವಿಚ್ಚಿನಿಂದ ನೇರ ಲೈನ್ ಕೊಡಿಸಿ. ಸುಮಾರು ಜನ ಇದನ್ನು ಮರೆತು ಫ್ಯಾನ್ ಸರಿ ಇಲ್ಲ ಅಂತಾರೆ.

ಉತ್ತರ 2

ನಾನು ಫ್ರಿಜ್ ರಿಪೇರಿ ಮಾಡುವವನು. ನಿಮ್ಮ ತಂದೆ ಹೇಳುವುದು ಸುಳ್ಳಲ್ಲ, ಆ ಕಾಲದ ಕಂಪ್ರೆಸರ್ ನಿಜಕ್ಕೂ ಗಟ್ಟಿ. ಆದರೆ ಕಂಪ್ರೆಸರ್ ಓಡುತ್ತಿದೆ ಅಂದಮಾತ್ರಕ್ಕೆ ಫ್ರಿಜ್ ಚೆನ್ನಾಗಿದೆ ಅಂತಲ್ಲ. ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಗ್ಯಾಸ್ಕೆಟ್ (ಬಾಗಿಲಂಚಿನ ರಬ್ಬರ್) ಸಡಿಲ, ಒಳಗಿನ ತಂಪು ರಾತ್ರಿ ಹಗಲು ಸೋರುತ್ತಿದೆ. ನಾಲ್ಕೂ ಕಡೆ ನೋಡಿ, ಹಿಂಜಿನ ಕೆಳಗಿನ ಮೂಲೆ ಮರೆಯಬೇಡಿ. ಆಮೇಲೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಕಂಪ್ರೆಸರ್ ಕಟ್ ಆಗ್ತಿದೆಯಾ? ಆಗದೇ ಓಡುತ್ತಲೇ ಇದ್ದರೆ ಕರೆಂಟ್ ಅಲ್ಲೇ ಹೋಗ್ತಿದೆ. ಪ್ಲಗ್ಗಿಗೆ ಹಾಕುವ ಸಣ್ಣ ಮೀಟರ್ ಸಿಗುತ್ತೆ, ಒಂದು ವಾರ ಹಾಕಿಡಿ. ದಿನಕ್ಕೆ 2 ಯೂನಿಟ್ ತೋರಿಸಿದರೆ ವರ್ಷಕ್ಕೆ 730. ಈಗಿನ ಒಂದೇ ಬಾಗಿಲಿನ 5 ಸ್ಟಾರ್ ಫ್ರಿಜ್ ಲೇಬಲ್ಲಿನಲ್ಲಿ 200ಕ್ಕಿಂತ ಕಡಿಮೆ ಬರೆದಿರುತ್ತಾರೆ. ಸ್ಟಾರ್ ಎಷ್ಟು ಅಂತ ನೋಡುವುದಕ್ಕಿಂತ ವರ್ಷಕ್ಕೆ ಎಷ್ಟು ಯೂನಿಟ್ ಅಂತ ನೋಡಿ, ಯಾಕಂದ್ರೆ ಸ್ಟಾರಿನ ಅಳತೆಯನ್ನು ಕೆಲವು ವರ್ಷಕ್ಕೊಮ್ಮೆ ಬಿಗಿ ಮಾಡುತ್ತಾರೆ, ಹಳೇ 5 ಈಗಿನ 5 ಅಲ್ಲ.

ಮೀಟರ್ ಒಂದೇ ಯೂನಿಟ್ ತೋರಿಸಿದರೆ ಗ್ಯಾಸ್ಕೆಟ್ ಹಾಕಿಸಿ, ಹಿಂದಿನ ಜಾಲರಿಯ ಧೂಳು ತೆಗೆಸಿ, ಇನ್ನಷ್ಟು ವರ್ಷ ಬಳಸಿ. ಆದರೆ ತಂಪು ಮಾಡುವ ಗ್ಯಾಸ್ ಲೀಕ್ ಆದ ದಿನ ಆ ಫ್ರಿಜ್ಜನ್ನೇ ಬಿಟ್ಟುಬಿಡಿ. ಆ ಕಾಲದವುಗಳಲ್ಲಿ ಬಹುಪಾಲು ಆರ್-12 ಗ್ಯಾಸ್, ಓಝೋನ್ ಪದರಕ್ಕೆ ಹಾನಿ ಅಂತ ನಮ್ಮ ದೇಶದಲ್ಲಿ 2010ರ ಹೊತ್ತಿಗೆ ಅದನ್ನು ನಿಲ್ಲಿಸಿದ್ದಾರೆ.

ಉತ್ತರ 3

ನಮ್ಮದೂ ಮಲೆನಾಡು, ಕೊಪ್ಪದ ಕಡೆ. ಹೊಸ ಇನ್ವರ್ಟರ್ ಫ್ರಿಜ್ (ಕಂಪ್ರೆಸರ್ ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವಂಥದ್ದು) ತಗೊಂಡೆವು, ಎರಡನೇ ಮಳೆಗಾಲಕ್ಕೇ ಅದರ ಎಲೆಕ್ಟ್ರಾನಿಕ್ ಬೋರ್ಡ್ ಹೋಯ್ತು, ಬೋರ್ಡ್ ಬರುವವರೆಗೆ ಹಾಲು ಮೊಸರು ಪಕ್ಕದ ಮನೆಯಲ್ಲಿ ಇಟ್ಟೆವು. ಹೊಸದನ್ನು ಬೇಡ ಅನ್ನಲು ಇದನ್ನು ಹೇಳ್ತಿಲ್ಲ. ಸ್ಟೆಬಿಲೈಜರ್ ವೋಲ್ಟೇಜ್ ಏರುಪೇರನ್ನು ತಡೆಯುತ್ತೆ, ಸಿಡಿಲನ್ನು ತಡೆಯಲ್ಲ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತುಬಿಡಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ನಿಮ್ಮ ಅಮ್ಮನಿಗೆ ಬಗ್ಗಿ ಕೀಳಲು ಕಷ್ಟ ಆಗದ ಹಾಗೆ ಪ್ಲಗ್ ಪಾಯಿಂಟ್ ಎತ್ತರಕ್ಕೆ ಹಾಕಿಸಿ, ಅರ್ಥಿಂಗ್ ಒಮ್ಮೆ ಚೆಕ್ ಮಾಡಿಸಿ. ಫ್ಯಾನ್ ವಿಷಯದಲ್ಲಿ ಮಾತ್ರ ಉತ್ತರ 1ರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ವೋಲ್ಟೇಜ್ ಇಳಿದಾಗಲೂ ಬಿಎಲ್‌ಡಿಸಿ ಒಂದೇ ಸಮ ತಿರುಗುತ್ತೆ, ಯುಪಿಎಸ್ ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೂರು ಫ್ಯಾನ್ ಈ ತಿಂಗಳೇ ಹಾಕಿಸ್ತೀನಿ, ಫ್ರಿಜ್ಜಿಗೆ ಮೀಟರ್ ಹಾಕಿ ನೋಡ್ತೀನಿ. ಹೊಸದು ತಗೊಳ್ಳೋದೇ ಆದರೆ ಅಂಗಡಿಯಲ್ಲಿ ಏನು ಕೇಳಬೇಕು?

ಉತ್ತರ 2

ತೀರ್ಥಹಳ್ಳಿಗೇ ಬಂದು ರಿಪೇರಿ ಮಾಡುವವರು ಇದ್ದಾರಾ ಅಂತ ಮೊದಲು ಕೇಳಿ. ಈಗ ಸುಮಾರು ಫ್ರಿಜ್ಜುಗಳಲ್ಲಿ ಆರ್-600ಎ ಗ್ಯಾಸ್, ಅದು ಬೆಂಕಿ ಹಿಡಿಯುವಂಥದ್ದು, ಅದರ ಕೆಲಸ ಕಲಿತವರೇ ಮುಟ್ಟಬೇಕು. ಕಂಪ್ರೆಸರಿಗೆ ಹತ್ತು ವರ್ಷ ವಾರಂಟಿ ಅಂದರೆ ಬೋರ್ಡಿಗೆ ಎಷ್ಟು ಅಂತ ಕೇಳಿ, ಬರೆಸಿಕೊಳ್ಳಿ. ಇನ್ನು ಹಳೇದನ್ನು ದಾರಿಯಲ್ಲಿ ಹೋಗುವ ಗುಜರಿಯವರಿಗೆ ಸುಮ್ನೆ ಕೊಡಬೇಡಿ, ತಾಮ್ರಕ್ಕೋಸ್ಕರ ಪೈಪ್ ಕತ್ತರಿಸಿ ಗ್ಯಾಸ್ ಎಲ್ಲಾ ಗಾಳಿಗೆ ಬಿಡ್ತಾರೆ. ಎಕ್ಸ್‌ಚೇಂಜಿಗೆ ಕೊಡಿ, ಇಲ್ಲವೇ ಶಿವಮೊಗ್ಗದಲ್ಲಿ ಇ-ತ್ಯಾಜ್ಯ ತಗೊಳ್ಳುವವರನ್ನು ವಿಚಾರಿಸಿ.