ಗಾಜಿನ ಜಾರ್‌ನಲ್ಲಿ ಟಿಶ್ಯೂ ಹೋಲ್ಡರ್: ಬಣ್ಣ ಆಮೇಲೆ, ಮೊದಲು ಮುಚ್ಚಳ ನೋಡಿ

ಪ್ರಶ್ನೆ (ಮಂಡ್ಯದಿಂದ): ನಮಸ್ಕಾರ. ಮುಂದಿನ ತಿಂಗಳ ಕೊನೆಗೆ ನಮ್ಮ ಮನೆ ಗೃಹಪ್ರವೇಶ. ಊಟದ ಮೇಜುಗಳ ಮೇಲೆ ಇಡಲು ಗಾಜಿನ ಜಾರ್‌ಗಳಲ್ಲಿ ಟಿಶ್ಯೂ ಹೋಲ್ಡರ್ ಮಾಡುವ ಆಸೆ. ಅಮ್ಮ ಅಟ್ಟದ ಮೇಲೆ ಕೂಡಿಟ್ಟ ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿ ಜಾರ್, ಕಾಫಿ ಜಾರ್ ಎಲ್ಲ ಸೇರಿ 14 ಇವೆ. ವಿಡಿಯೊ ನೋಡಿಕೊಂಡು ಒಂದಕ್ಕೆ ಅಕ್ರಿಲಿಕ್ ಬಣ್ಣ ಹಚ್ಚಿದೆ. ಮೂರನೇ ದಿನ ಉಗುರು ತಾಗಿದ್ದಕ್ಕೇ ಬೇಯಿಸಿದ ಆಲೂಗಡ್ಡೆ ಸಿಪ್ಪೆ ಥರ ಎದ್ದು ಬಂತು. ಮುಚ್ಚಳಕ್ಕೆ ತೂತು ಹೊಡೆದು ಟಿಶ್ಯೂ ಎಳೆದರೆ ಒಂದೋ ನಾಲ್ಕು ಒಟ್ಟಿಗೆ ಬರುತ್ತವೆ, ಇಲ್ಲ ಹರಿದು ಅರ್ಧ ಮಾತ್ರ ಕೈಗೆ ಬರುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ನಾನು ಮೈಸೂರಿನಲ್ಲಿ ಗಾಜಿನ ಮೇಲೆ ಬಣ್ಣದ ಕೆಲಸ ಕಲಿಸುತ್ತೇನೆ, ಆರ್ಡರ್ ಬಂದರೆ ಮಾಡಿಯೂ ಕೊಡುತ್ತೇನೆ. ನಿಮಗೆ ಇರುವುದು ಎರಡು ಬೇರೆ ಬೇರೆ ತೊಂದರೆ. ಬಣ್ಣದ್ದು ಸಣ್ಣದು, ಟಿಶ್ಯೂ ಹರಿಯುವುದು ದೊಡ್ಡದು. ಬಣ್ಣದ ಬಗ್ಗೆ ಜನ ನೂರು ಪ್ರಶ್ನೆ ಕೇಳುತ್ತಾರೆ, ಮುಚ್ಚಳದ ಬಗ್ಗೆ ಒಂದೂ ಕೇಳಲ್ಲ. ನಿಮ್ಮಲ್ಲಿ ಬಾಳೆ ಎಲೆ ಊಟ ತಾನೇ? ಬಲಗೈ ಎಂಜಲಾಗಿರುತ್ತದೆ. ಎಡಗೈ ಒಂದರಲ್ಲೇ ಎಳೆಯಬೇಕು. ಜಾರ್ ಹಿಡಿದುಕೊಳ್ಳಲು ಮೂರನೇ ಕೈ ಯಾರಿಗೂ ಇಲ್ಲ. ಒಂದೇ ಕೈಗೆ, ಒಂದೇ ಎಳೆತಕ್ಕೆ, ಒಂದೇ ಹಾಳೆ ಬರದಿದ್ದರೆ ಅದು ಸುಮ್ನೆ ಬಣ್ಣದ ಬಾಟಲಿ.

ತೂತಿನ ಅಗಲ ಎರಡೂವರೆಯಿಂದ 3 ಸೆಂ.ಮೀ. ಇರಲಿ. ಅದಕ್ಕಿಂತ ಚಿಕ್ಕದಾದರೆ ಹರಿಯುತ್ತದೆ. ದೊಡ್ಡದಾದರೆ ಹಾಳೆ ಜಾರಿ ಒಳಗೆ ಬೀಳುತ್ತದೆ. ಒಂದು ವರ್ಷ ದಸರಾ ಗೊಂಬೆ ಕೂರಿಸಿದ್ದ ಮನೆಗೆ 20 ಜಾರ್ ಮಾಡಿಕೊಟ್ಟಿದ್ದೆ. ನೋಡಲು ಚೆನ್ನಾಗಿರಲಿ ಅಂತ ತೂತನ್ನು ನಾಲ್ಕೂವರೆ ಸೆಂ.ಮೀ. ಮಾಡಿದ್ದೆ. ಬಂದವರಿಗೆಲ್ಲ ಆ ಮನೆಯ ಹುಡುಗಿ ಮುಚ್ಚಳ ಬಿಚ್ಚಿ ಬಿಚ್ಚಿ ಟಿಶ್ಯೂ ಕೊಟ್ಟಳಂತೆ. ಆ ಮನೆಯಿಂದ ಮತ್ತೆ ಆರ್ಡರ್ ಬರಲಿಲ್ಲ.

ತಗಡಿನ ಮುಚ್ಚಳವಾದರೆ ಮೊಳೆ ಹೊಡೆದು ಹಿಗ್ಗಿಸಲು ಹೋಗಬೇಡಿ. ನಿಮ್ಮ ಟಿಶ್ಯೂ ಹರಿದದ್ದು ಬಹುಶಃ ಅದರಿಂದಲೇ, ಮೊಳೆ ಹೊಡೆದ ತೂತಿನ ಅಂಚು ಗರಗಸ ಇದ್ದ ಹಾಗೆ ಇರುತ್ತದೆ. ಮುಚ್ಚಳವನ್ನು ಮರದ ತುಂಡಿನ ಮೇಲೆ ಬೋರಲು ಹಾಕಿ. ನಡುವೆ ವೃತ್ತ ಗೀಚಿ. ನಡುಬಿಂದುವಿನಲ್ಲಿ ಡ್ರಿಲ್‌ನಿಂದ ತಗಡು ಕತ್ತರಿಯ ಮೂತಿ ಹಿಡಿಸುವಷ್ಟು ತೂತು ಮಾಡಿ. ಅಲ್ಲಿಂದ ಗೆರೆಯವರೆಗೆ ಎಂಟು ಕಡೆ ಕತ್ತರಿಸಿ, ಪಿಜ್ಜಾ ಕೊಯ್ದ ಹಾಗೆ. ಎಂಟು ಎಸಳು ಆಗುತ್ತವೆ. ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು ಮುಚ್ಚಳದ ಒಳಭಾಗದ ಕಡೆಗೆ ಪೂರ್ತಿ ಮಡಚಿ ಒತ್ತಿ. ಈಗ ಟಿಶ್ಯೂಗೆ ತಾಗುವುದು ಮಡಿಕೆಯ ಗುಂಡು ಅಂಚು, ಕೊಯ್ದ ಅಂಚಲ್ಲ. ಎಸಳುಗಳ ನಡುವೆ ಮೂಲೆ ಉಳಿದಿರುತ್ತವೆ, ಅವಕ್ಕೆ ಸಣ್ಣ ಅರ ಹಾಕಿ. ಬೆರಳಿನಿಂದ ಸವರಿ ಪರೀಕ್ಷೆ ಮಾಡಬೇಡಿ, ಕೊಯ್ದುಕೊಳ್ಳುತ್ತದೆ. ಹತ್ತಿ ಉಂಡೆ ತೆಗೆದುಕೊಂಡು ಅಂಚಿನ ಸುತ್ತ ಆಡಿಸಿ. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡರೆ ಅಲ್ಲಿ ಇನ್ನೂ ಅರ ಬೇಕು.

ಪ್ಲಾಸ್ಟಿಕ್ ಮುಚ್ಚಳ ಇನ್ನೂ ಸುಲಭ. ಬಡಗಿಗಳ ಹತ್ತಿರ ಹೋಲ್ ಸಾ ಅನ್ನುವ ಬಿಟ್ ಇರುತ್ತದೆ. 32 ಮಿ.ಮೀ. ಹಾಕಿ ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಗೃಹಪ್ರವೇಶಕ್ಕೆ ಹೇಗೂ ಬಡಗಿ ಬಂದೇ ಬರುತ್ತಾರೆ, 14 ಮುಚ್ಚಳಕ್ಕೆ ಅವರಿಗೆ ಹತ್ತು ನಿಮಿಷದ ಕೆಲಸ. ಆಮೇಲೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ತಂತಿ ಹಾಯಿಸುವ ತೂತಿಗೆ ಹಾಕುವ ರಬ್ಬರ್ ಬಳೆ ಸಿಗುತ್ತದೆ, ಗ್ರೊಮೆಟ್ ಅಂತಾರೆ. ಅದನ್ನು ಕೂರಿಸಿದರೆ ಅಂಚೂ ಮೃದು, ತೂತೂ ಸರಿಯಾದ ಅಳತೆಗೆ ಬರುತ್ತದೆ.

ಇನ್ನು ಟಿಶ್ಯೂ. ನೀವು ಹಾಕಿದ್ದು ಹೋಟೆಲಲ್ಲಿ ಕೊಡುವ ಚೌಕದ ನ್ಯಾಪ್‌ಕಿನ್ ಇರಬೇಕು. ಅವು ಬಿಡಿ ಬಿಡಿ, ಒಂದು ಇನ್ನೊಂದನ್ನು ಎಳೆಯುವುದಿಲ್ಲ. ಡಬ್ಬಿಯಲ್ಲಿ ಬರುವ ಮುಖ ಒರೆಸುವ ಟಿಶ್ಯೂ ತನ್ನಿ. ಅದರ ಹಾಳೆಗಳು ಒಂದರ ಮಡಿಕೆಯಲ್ಲಿ ಇನ್ನೊಂದು ಕೂತಿರುತ್ತವೆ, ಒಂದನ್ನು ಎಳೆದರೆ ಮುಂದಿನದು ತಲೆ ಹಾಕುತ್ತದೆ. ಡಬ್ಬಿ ಹರಿದು ಕಟ್ಟನ್ನು ಹಾಗೇ ಎತ್ತಿ, ಅರ್ಧ ಭಾಗ ತೆಗೆದುಕೊಳ್ಳಿ. ಮೇಲಿನ ಹಾಳೆ ಒಳಗಡೆ ಬರುವ ಹಾಗೆ ಚಾಪೆ ಸುತ್ತಿದಂತೆ ಸಡಿಲವಾಗಿ ಸುರುಳಿ ಮಾಡಿ ಜಾರ್‌ಗೆ ಇಳಿಸಿ. ಒಳಗಿನ ತುದಿಯನ್ನು ತೂತಿನಿಂದ ಹೊರಗೆ ತನ್ನಿ. ಒಂದು ಲೀಟರ್ ಜಾರ್‌ಗೆ ಸುಮಾರು 50 ಹಾಳೆ ಸಾಕು. ತುರುಕಿ 100 ತುಂಬಿದರೆ ಮತ್ತೆ ಹರಿಯುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ.

ಬಣ್ಣದ ವಿಷಯ. ಗಾಜು ಏನನ್ನೂ ಹೀರುವುದಿಲ್ಲ. ಬಣ್ಣ ಸುಮ್ನೆ ಮೇಲೆ ಕೂತಿರುತ್ತದೆ, ನಡುವೆ ಬೆರಳಿನ ಜಿಡ್ಡು ಇದ್ದರಂತೂ ಕೇಳುವುದೇ ಬೇಡ. ಸೋಪಿನಲ್ಲಿ ತೊಳೆದು ಒಣಗಿಸಿ, ಸರ್ಜಿಕಲ್ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಅಲ್ಲಿಂದಾಚೆ ಜಾರ್ ಒಳಗೆ ಕೈ ತೂರಿಸಿ ಹಿಡಿಯಿರಿ, ಹೊರಗೆ ಮುಟ್ಟಬೇಡಿ. ಗಾಜಿಗೆ ಹಿಡಿಯುವ ಪ್ರೈಮರ್ ಒಂದು ಕೋಟ್. ಅದರ ಮೇಲೆ ಬಣ್ಣ, ಬ್ರಷ್‌ನಲ್ಲಿ ಎಳೆಯದೆ ಸ್ಪಂಜಿನ ತುಂಡಿನಲ್ಲಿ ತಟ್ಟಿ ತಟ್ಟಿ, ಮೂರು ತೆಳು ಕೋಟ್. ಒಂದು ಪೂರ್ತಿ ಒಣಗದೆ ಇನ್ನೊಂದು ಬೇಡ. ಹಳೇ ಕಾಲದ ಸವೆದ ನೋಟ ಬೇಕಾದರೆ 220 ನಂಬರ್ ಉಪ್ಪು ಕಾಗದವನ್ನು ಗಾಜಿನ ಉಬ್ಬು ಅಕ್ಷರಗಳ ಮೇಲೆ ಮಾತ್ರ ಹಗುರವಾಗಿ ಆಡಿಸಿ. ಕೊನೆಗೆ ವಾರ್ನಿಷ್.

ಪ್ರಶ್ನೆ: ಲೇಬಲ್ ಕಿತ್ತ ಮೇಲೆ ಅಂಟು ಹೋಗುತ್ತಿಲ್ಲ. ಕುದಿಯುವ ನೀರು ಸುರಿಯಬಹುದಾ?

ಉತ್ತರ: ಬೇಡ. ತಣ್ಣಗಿರುವ ಗಾಜಿಗೆ ಕುದಿಯುವ ನೀರು ಬಿದ್ದರೆ ಸೀಳಿಹೋಗುತ್ತದೆ. ಕೊಬ್ಬರಿ ಎಣ್ಣೆಗೆ ಅಡುಗೆ ಸೋಡಾ ಕಲಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಆಮೇಲೆ ಎಣ್ಣೆ ಜಿಡ್ಡು ಪೂರ್ತಿ ಹೋಗುವಂತೆ ಎರಡು ಸಲ ಸೋಪು ಹಾಕಿ. ಅಂದ ಹಾಗೆ, ಉಪ್ಪಿನಕಾಯಿ ಜಾರ್‌ನ ಗಾಜಿನಲ್ಲಿ ವಾಸನೆ ನಿಲ್ಲುವುದಿಲ್ಲ, ಮುಚ್ಚಳದ ಒಳಗಿನ ಮೆತ್ತನೆ ಪದರದಲ್ಲಿ ನಿಲ್ಲುತ್ತದೆ. ಎರಡು ದಿನ ಬಿಸಿಲಿಗೆ ಇಟ್ಟು ನೋಡಿ. ಹೋಗದಿದ್ದರೆ ಮುಚ್ಚಳ ಬದಲಿಸಿ. ಮಿಡಿ ಉಪ್ಪಿನಕಾಯಿ ವಾಸನೆಯ ಟಿಶ್ಯೂನಲ್ಲಿ ಬೀಗರು ಮುಖ ಒರೆಸಿಕೊಂಡರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಪ್ರಶ್ನೆ: ವಿಡಿಯೊಗಳಲ್ಲಿ ಮುಚ್ಚಳ ಎರಡು ತುಂಡಾಗಿ ಬರುತ್ತದಲ್ಲ? ನಡುವಿನ ಬಿಲ್ಲೆ ತೆಗೆದು ಬೇರೆ ಹಾಕುತ್ತಾರೆ. ನಮ್ಮದರಲ್ಲಿ ಹಾಗಿಲ್ಲ.

ಉತ್ತರ: ಅದು ಮೇಸನ್ ಜಾರ್. ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ 1858ರಲ್ಲಿ ತಿರುಪು ಕಂಠದ ಜಾರ್‌ಗೆ ಪೇಟೆಂಟ್ ಪಡೆದರು, ಹೆಸರು ಅವರಿಂದಲೇ ಬಂತು. ಅಲ್ಲಿ ಹಣ್ಣು ತರಕಾರಿ ಕೆಡದಂತೆ ತುಂಬಿಡಲು ಬಳಸುತ್ತಾರೆ. ಈಗಿನವಕ್ಕೆ ಬಿಲ್ಲೆ ಬೇರೆ, ಸುತ್ತಿನ ಬಳೆ ಬೇರೆ. ಬಿಲ್ಲೆ ಜಾಗಕ್ಕೆ ತೂತಿರುವ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿದರೆ ಕೆಲಸ ಮುಗಿಯಿತು. ಇಲ್ಲೂ ಸಿಗುತ್ತವೆ, ದುಡ್ಡು ಜಾಸ್ತಿ. ಅಮ್ಮ ಕೂಡಿಟ್ಟ ಹಾರ್ಲಿಕ್ಸ್ ಬಾಟಲಿ ಇರುವಾಗ ನಾನಂತೂ ಕೊಳ್ಳುವುದಿಲ್ಲ.

ಸದಸ್ಯರೊಬ್ಬರು: ರಬ್ಬರ್ ಬಳೆ ಬದಲು ಪರದೆಗೆ ಹಾಕುವ ಪ್ಲಾಸ್ಟಿಕ್ ರಿಂಗ್ ಒತ್ತಿ ಕೂರಿಸಿದರೆ? ಚಿನ್ನದ ಬಣ್ಣದಲ್ಲೂ ಸಿಗುತ್ತದೆ.

ಉತ್ತರ: ನೋಡಲು ಅದೇ ಚೆಂದ. ಆದರೆ ಒಳ ಅಗಲ ಸಾಮಾನ್ಯವಾಗಿ 4 ಸೆಂ.ಮೀ. ಇರುತ್ತದೆ, ತೆಳು ಟಿಶ್ಯೂ ಜಾರುತ್ತದೆ. ಅಡುಗೆಮನೆಯ ದಪ್ಪ ರೋಲ್‌ಗೆ ಸರಿ. ನಡುವಿನ ರಟ್ಟಿನ ಕೊಳವೆ ಎಳೆದು ತೆಗೆದು, ಒಳಗಿನಿಂದಲೇ ಹಾಳೆ ಬರುವ ಹಾಗೆ ಇಡಿ. ಜಾರ್‌ನ ಬಾಯಿಯೊಳಗೆ ರೋಲ್ ಇಳಿಯುತ್ತದಾ ಅಂತ ಮೊದಲು ಅಳೆಯಿರಿ. ಜಾರ್ ಎಷ್ಟೇ ದೊಡ್ಡದಿದ್ದರೂ ಬಾಯಿ ಚಿಕ್ಕದಾದರೆ ಕಥೆ ಮುಗಿಯಿತು.

ಪ್ರಶ್ನೆ (ಮೈಸೂರಿನಿಂದ): ನಾನು ಮೈಸೂರು ಶೈಲಿಯ ಚಿತ್ರ ಕಲಿಯುತ್ತಿದ್ದೇನೆ. ಅದರ ಗೆಸ್ಸೊ (ಪುಡಿಗೆ ಅಂಟು ಕಲಸಿದ ಲೇಪ) ಉಬ್ಬು ಕೆಲಸವನ್ನು ಜಾರ್ ಮೇಲೆ ಮಾಡಿ ಚಿನ್ನದ ರೇಕು ಅಂಟಿಸಬಹುದಾ?

ಉತ್ತರ: ಕೇಳಿದ್ದಕ್ಕೆ ಖುಷಿ ಆಯಿತು, ಆದರೆ ಬೇಡ. ಆ ಗೆಸ್ಸೊ ಕಾಗದ ಅಂಟಿಸಿದ ಹಲಗೆಗೆ ಮಾಡಿದ್ದು. ಕೆಳಗಿನ ಕಾಗದ ಸ್ವಲ್ಪ ತೇವ ಹೀರಿಕೊಂಡು ಅದನ್ನು ಹಿಡಿದುಕೊಳ್ಳುತ್ತದೆ. ಗಾಜಿನ ಮೇಲೆ ಒಣಗಿದಾಗ ಬಿರುಕು ಬಿಟ್ಟು ಉದುರುತ್ತದೆ. ನಾನು ಒಂದು ಜಾರ್ ಮೇಲೆ ಗಂಡಭೇರುಂಡ ಮಾಡಿ, ವಾರದೊಳಗೆ ಒಂದು ತಲೆ ಕಳೆದುಕೊಂಡಿದ್ದೇನೆ. ಅಂಗಡಿಯಲ್ಲಿ ಸಿಗುವ ಗಾಜಿನ ಔಟ್‌ಲೈನರ್ ಕೋನ್ ತೆಗೆದುಕೊಳ್ಳಿ, ಮೆಹೆಂದಿ ಹಾಕಿದ ಹಾಗೆ ಗೆರೆ ಎಳೆಯಬಹುದು. ಬಣ್ಣ ಬಳಿಯದ ಬರೀ ಗಾಜಿನ ಮೇಲೆ ಬಿಳಿ ಕೋನ್‌ನಲ್ಲಿ ಚುಕ್ಕಿ ಇಟ್ಟು ಎಳೆ ರಂಗೋಲಿ ಬಿಟ್ಟರೆ, ಒಳಗಿನ ಬಿಳಿ ಟಿಶ್ಯೂ ಮಂಜಿನ ಹಾಗೆ ಹಿಂದೆ ಕಾಣುತ್ತದೆ. ನನ್ನ ಕಣ್ಣಿಗೆ ಅದೇ ಎಲ್ಲಕ್ಕಿಂತ ಚೆನ್ನ. ಪ್ರೈಮರ್ ಗೋಳೂ ಇಲ್ಲ.

ಪ್ರಶ್ನೆ: ಕಂಠಕ್ಕೆ ಸುತ್ತಲು ಬಾಳೆನಾರು ಆಗುತ್ತದಾ? ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಹತ್ತಿರ ನೋಡಿದೆ.

ಉತ್ತರ: ಅದು ಒದ್ದೆಯಿದ್ದಾಗ ಮಾತ್ರ ಮಾತು ಕೇಳುತ್ತದೆ. ಒಣಗಿದರೆ ಸಡಿಲವಾಗಿ, ಮುರಿಯುತ್ತದೆ. ತೆಂಗಿನ ನಾರು ಚುಚ್ಚುತ್ತದೆ, ಪುಡಿ ಉದುರುತ್ತದೆ. ಸೆಣಬಿನ ಹುರಿ ಸರಿ.

ಪ್ರಶ್ನೆ (ಮತ್ತೆ ಮಂಡ್ಯದಿಂದ): ಎಸಳು ಮಡಚಿದ ಮುಚ್ಚಳ ಕೆಲಸ ಮಾಡಿತು! ಹತ್ತಿಯಲ್ಲೂ ಪರೀಕ್ಷೆ ಮಾಡಿದೆ, ಎರಡು ಕಡೆ ಸಿಕ್ಕಿಕೊಂಡಿತು, ಅರ ಹಾಕಿದೆ. ಆದರೆ ಸಣ್ಣ ಕಾಫಿ ಜಾರ್ ಎಳೆದಾಗ ಜಾರ್ ಸಮೇತ ಮೇಲೆ ಬರುತ್ತದೆ. ಮತ್ತೆ, ಸಮಾರಂಭ ಆದಮೇಲೆ ತೊಳೆಯಬಹುದಾ?

ಉತ್ತರ: ಜಾರ್ ಹಗುರ. ತಳಕ್ಕೆ ಒಂದು ಹಿಡಿ ನುಣುಪು ಬೆಣಚು ಕಲ್ಲು ಹಾಕಿ, ಮೇಲೆ ರಟ್ಟಿನ ಬಿಲ್ಲೆ ಇಟ್ಟು, ಆಮೇಲೆ ಟಿಶ್ಯೂ ಇಳಿಸಿ. ಕಲ್ಲು ತೊಳೆದಿದ್ದರೆ ಪೂರ್ತಿ ಒಣಗಿರಲಿ. ಗಾಜಿನ ಎನಾಮೆಲ್ ಬಣ್ಣಗಳು ಮುಟ್ಟಲು ಬೇಗ ಒಣಗಿದರೂ ಗಟ್ಟಿಯಾಗಲು ಹಲವಕ್ಕೆ 21 ದಿನ ಬೇಕು, ಡಬ್ಬಿ ಮೇಲೆ ಬರೆದಿರುತ್ತದೆ. ಅದಕ್ಕೇ ಈ ವಾರವೇ ಬಣ್ಣ ಮುಗಿಸಿ. ಆಮೇಲೂ ನೀರಲ್ಲಿ ನೆನೆಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಬಡಿಸುವವರಿಗೆ ಒಂದು ಮಾತು ಹೇಳಿಡಿ, ಸಾರಿನ ಬಕೆಟ್ ಜಾರ್ ಪಕ್ಕ ಇಡುವುದು ಬೇಡ.